ಒಂದು ಬಾಯಿಗೆ ಹತ್ತು ಸೆಟ್ಟು

ಹಲ್ಲಕ್ಕನಿಗೆ ಐವತ್ತಾರು ವರ್ಷ. ಬಾಯಲ್ಲಿ ಮೂವತ್ತೊಂದು ಹಲ್ಲು, ಒಂದೂ ಅಲುಗಾಡಿಲ್ಲ. ಮೂವತ್ತೆರಡನೆಯದು ಬಿದ್ದದ್ದಲ್ಲ, ಹುಟ್ಟಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಒಂದು ಕಂಪ್ಯೂಟರು ಬೇರೆಯೇ ಲೆಕ್ಕ ಹೇಳಲಿದೆ.

ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಟ್ಟರೆ ಅದಕ್ಕೆ ಪ್ಲಾಸ್ಟರ್ ಸುರಿದು, ಒಣಗಿಸಿ, ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಾಳೆ. ಮದುವೆಯಾದ ಹೊಸದರಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಪಾತ್ರೆ ಪಗಡ ತೊಳೆಯಲು ಸೇರಿದವಳು, ಅಲ್ಲಿದ್ದ ಮುದಿ ಕೆಲಸಗಾರನ ಕೈ ನೋಡಿ ನೋಡಿಯೇ ವಿದ್ಯೆ ಕಲಿತಳು. ಈಗ ಯಾರನ್ನು ಕಂಡರೂ ಅವಳ ಕಣ್ಣು ಮೊದಲು ಹೋಗುವುದು ಬಾಯಿಗೆ. ಯಾರಾದರೂ ಮದುವೆ ಫೋಟೋ ತೋರಿಸಿದರೆ ಬಟ್ಟೆ, ಒಡವೆ ಒಂದೂ ಕಾಣದು. ಗಂಡಿನ ಚಿಕ್ಕಪ್ಪನ ಮೇಲಿನ ಸಾಲು ಕಟ್ಟಿಸಿದ್ದು, ಅದೂ ಸರಿಯಾಗಿ ಕಟ್ಟಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಾಳೆ. ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳದೆ ಇರುವುದೇ ಅವಳ ವ್ಯಾಪಾರದ ಬಂಡವಾಳ.

ಕಾರಣ ಇಷ್ಟೇ. ಕನ್ನಡಕ ಹಾಕಿಕೊಂಡವರು ಬೀದಿಯಲ್ಲಿ ಧಾರಾಳವಾಗಿ ಓಡಾಡುತ್ತಾರೆ, ಹಲ್ಲು ಕಟ್ಟಿಸಿಕೊಂಡವರು ಮಾತ್ರ ಕಳ್ಳತನ ಮಾಡಿದವರ ಥರ ಆಡುತ್ತಾರೆ. ಹೆಂಡತಿಗೆ ಗೊತ್ತಾಗಬಾರದು, ಸೊಸೆಗೆ ಗೊತ್ತಾಗಬಾರದು, ಪಕ್ಕದ ಮನೆಯವರಿಗಂತೂ ಸತ್ತರೂ ಗೊತ್ತಾಗಬಾರದು. ಇಂಥವರಿಗೆಂದೇ ಹಲ್ಲಕ್ಕನ ಅಂಗಡಿಗೆ ಒಂದು ಹಿಂಬಾಗಿಲು. ಅಂಗಡಿ ಎಂದರೆ ಎರಡು ಕೋಣೆ. ಮುಂದಿನದಕ್ಕೆ ಬೀದಿಯ ಕಡೆ ಬೋರ್ಡು, ಕ್ಲಿನಿಕ್ಕುಗಳವರು ಬಂದು ಹೋಗಲು. ಹಿಂದಿನದಕ್ಕೆ ಬಟ್ಟೆ ಒಣಹಾಕುವ ಓಣಿಯಿಂದ ಒಂದು ಹಸಿರು ಕದ. ಡಾಕ್ಟರು ವಾರಕ್ಕೆರಡು ಸಲ ಅಲ್ಲಿಗೇ ಬಂದು ಅಚ್ಚು ತೆಗೆಯುತ್ತಾರೆ. ಗೋಡೆ ತುಂಬ ಶೆಲ್ಫು, ಶೆಲ್ಫಿನ ತುಂಬ ಪ್ಲಾಸ್ಟರಿನ ಬಾಯಿಗಳು. ಒಂದೊಂದಕ್ಕೂ ನಂಬರು ಇದೆ, ಹೆಸರಿಲ್ಲ. ಯಾವ ನಂಬರು ಯಾರದು ಎಂಬ ಪುಸ್ತಕವೂ ಇಲ್ಲ. ಎಲ್ಲ ಅವಳ ತಲೆಯಲ್ಲಿದೆ.

"ನಾಳೆ ನಿಂಗೇನಾದ್ರೂ ಆದ್ರೆ?" ಎಂದು ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿರುವ ಗಂಡ ಕೇಳಿದ್ದುಂಟು.

"ಗುಟ್ಟೂ ನನ್ನ ಜೊತೆಗೇ ಹೋಗುತ್ತೆ. ಪುಣ್ಯ ಬರುತ್ತೆ ನಂಗೆ."

ಇಪ್ಪತ್ತೆರಡು ವರ್ಷ ಹೀಗೆ ಸುಖವಾಗಿ ನಡೆಯಿತು. ಆಮೇಲೆ ಕಟ್ಟಡದ ಮಾಲೀಕರು ಒಂದು ದಿನ ಬಂದು, ಮಗಳ ಊರಿಗೆ ಹೋಗಿ ಇರುತ್ತೇನೆ, ಎರಡೂ ಕೋಣೆ ಮಾರುತ್ತೇನೆ ಎಂದರು. ಒಳ್ಳೆಯ ಮನುಷ್ಯ. "ಮೊದಲು ನಿಮಗೇ ಹೇಳ್ತಿದೀನಿ. ಐವತ್ತು ದಿನ ಕಾಯ್ತೀನಿ. ಆಮೇಲೆ ಮೊಬೈಲ್ ಅಂಗಡಿಯವನು ರೆಡಿಯಾಗಿದ್ದಾನೆ. ಅವನು ಹಿಂಬಾಗಿಲು ಮುಚ್ಚಿ ಗೋಡೆ ಎಬ್ಬಿಸ್ತಾನಂತೆ" ಎಂದರು.

ಹಿಂಬಾಗಿಲಿಲ್ಲದ ಹಲ್ಲಕ್ಕ ಎಂದರೆ ಹಲ್ಲಕ್ಕನೇ ಅಲ್ಲ. ಅವಳ ಹತ್ತಿರ ಅರ್ಧ ದುಡ್ಡಿತ್ತು. ಉಳಿದರ್ಧಕ್ಕೆ ಮರುದಿನವೇ ಬ್ಯಾಂಕಿಗೆ ಹೋದಳು. ಜೀವನದಲ್ಲಿ ಒಂದೇ ಸಲ ಸಾಲ ಮಾಡಿದ್ದಳು, ಪಾಲಿಶ್ ಮಿಷನ್ನಿಗೆ. ಅದನ್ನೂ ದಿನ ತಪ್ಪದೆ ತೀರಿಸಿದ್ದಳು.

ಬ್ಯಾಂಕಿನ ಮ್ಯಾನೇಜರಮ್ಮ ಮುಖ ನೋಡಿದರೆ ಒಳ್ಳೆಯವರೇ. ಕಂಪ್ಯೂಟರು ನೋಡಿದರು, ಹಲ್ಲಕ್ಕನನ್ನು ನೋಡಿದರು, ಮತ್ತೆ ಕಂಪ್ಯೂಟರು ನೋಡಿದರು.

"ಮೇಡಂ, ತಪ್ಪು ತಿಳೀಬೇಡಿ. ನೀವು ಹಲ್ಲಿನ ಸೆಟ್ಟಿಗೆ ಸಾಲ ತಗೊಂಡಿದೀರಾ?"

"ನಾನಾ? ನಾನು ಸೆಟ್ಟು ಮಾಡೋಳು."

"ಇಲ್ಲಿ ಹತ್ತು ಸೆಟ್ಟು ತೋರಿಸ್ತಿದೆ. ಹತ್ತು ಸಾಲ. ಅದರಲ್ಲಿ ನಾಲ್ಕು ಕಂತು ತಪ್ಪಿವೆ."

ಹಲ್ಲಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡು ಬಾಯಿ ಅಗಲಿಸಿ ಆ ಎಂದಳು. "ಎಣಿಸ್ಕೊಳ್ಳಿ. ಒಂದು ಬಾಯಿಗೆ ಹತ್ತು ಸೆಟ್ಟು ಹಾಕೋಕೆ ನಾನೇನು ರಾಕ್ಷಸಿಯಾ?"

ಮ್ಯಾನೇಜರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೆ ನಕ್ಕರೆ ಸಾಲ ಮಂಜೂರಾಗುವುದಿಲ್ಲವಲ್ಲ. ಸಾಲದ ದಾಖಲೆ ಇಡುವ ಕಂಪನಿಯೊಂದಿದೆ, ಅಲ್ಲಿ ಹೀಗಿರುವವರೆಗೆ ನನ್ನ ಕೈ ಕಟ್ಟಿಹಾಕಿದೆ ಎಂದು ಹೇಳಿ, ಪಟ್ಟಿಯನ್ನು ಪ್ರಿಂಟು ತೆಗೆದು ಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಹಲ್ಲಿನವಳ ಪಾಲಿಗೇ ನಿಜವಾಯಿತು.

ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ. ತಾರೀಕು, ಮೊತ್ತ, ಬಾಕಿ, ಅಷ್ಟೇ. ಆದರೆ ಹಲ್ಲಕ್ಕನಿಗೆ ಬೀದಿ ದಾಟುವಷ್ಟರಲ್ಲಿ ಎಲ್ಲ ಅರ್ಥವಾಯಿತು. ತಾರೀಕು ನೋಡಿದರೆ ಸಾಕು, ಬಾಯಿ ಕಣ್ಣ ಮುಂದೆ ಬರುತ್ತಿತ್ತು.

ಹಲ್ಲಿಗೆ, ಕನ್ನಡಕಕ್ಕೆ, ಕಿವಿ ಮಿಷನ್ನಿಗೆ ಕಂತಿನ ಸಾಲ ಕೊಡುವ ಒಂದು ಕಂಪನಿ ಕೆಲವು ವರ್ಷಗಳ ಹಿಂದೆ ಶುರುವಾಗಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ, ನಮ್ಮವರಿಗೆ ಹಲ್ಲೂ ಇಲ್ಲ, ಹಲ್ಲಿಗೆ ಕಾಸೂ ಇಲ್ಲ. ಹಿಂಬಾಗಿಲಿನವರಿಗೆ ಸಾಲವೇನೋ ಸಿಕ್ಕಿತು, ಆದರೆ ಫಾರಂ ತುಂಬುವಾಗ ಪೀಕಲಾಟ. ಮನೆಯ ವಿಳಾಸ ಬರೆದರೆ ಮನೆಗೆ ಕಾಗದ ಬರುತ್ತದೆ. ಮನೆಯ ಫೋನು ಬರೆದರೆ ಸೊಸೆ ಎತ್ತುತ್ತಾಳೆ. "ಅಕ್ಕ, ನಿಮ್ಮ ಅಂಗಡಿ ವಿಳಾಸ ಕೊಡ್ಲಾ? ನಿಮ್ಮ ಫೋನ್ ನಂಬರ್ ಬರೀಲಾ?" ಎಂದು ಮೊದಲನೆಯವರು ಕೇಳಿದರು. ಅದಕ್ಕೇನಂತೆ ಎಂದಳು. ಹಾಗೆ ಹತ್ತು ಜನ. ಕಾಗದ ಬಂದಾಗೆಲ್ಲ ಅವರಿಗೆ ಫೋನು ಮಾಡಿ "ನಿಮ್ಮ ಚಪ್ಪಲಿ ರಿಪೇರಿಯಾಗಿದೆ" ಎನ್ನುವುದು, ಅವರು ಹಸಿರು ಕದ ತಟ್ಟಿ ಒಯ್ಯುವುದು. ಹಲ್ಲಕ್ಕ ಒಂದು ಲಕೋಟೆಯನ್ನೂ ಒಡೆದವಳಲ್ಲ.

ಇವಳು ಉಪಕಾರ ಎಂದುಕೊಂಡದ್ದನ್ನು ದಾಖಲೆ ಕಂಪನಿಯ ಕಂಪ್ಯೂಟರು ಬೇರೆ ಥರ ಓದಿತು. ವಿಳಾಸ ಒಂದೇ, ಫೋನು ಒಂದೇ, ಎಲ್ಲವೂ ಹಲ್ಲಿನ ಸಾಲ. ಹೆಸರು ಬೇರೆಯಾದರೇನು, ಮನುಷ್ಯಳು ಒಬ್ಬಳೇ ಎಂದು ಹತ್ತನ್ನೂ ಸೇರಿಸಿ ಅವಳ ಕೊರಳಿಗೆ ಗಂಟು ಹಾಕಿತು.

ಗಂಡ ಕೂಗಾಡಿದ. "ಊರ ಉಸಾಬರಿ ಹೊತ್ಕೊಂಡ್ರೆ ಹೀಗೇ ಆಗೋದು! ಯಾರ್ಯಾರು ಅಂತ ಹೇಳು. ಒಬ್ಬೊಬ್ಬರ ಮನೆಗೂ ಹೋಗ್ತೀನಿ."

"ಹೋಗಿ ಏನ್ಮಾಡ್ತೀರಿ?"

"ಹಲ್ಲು ಉದುರಿಸ್ತೀನಿ!"

"ಇದ್ರೆ ತಾನೇ" ಎಂದಳು ಹಲ್ಲಕ್ಕ.

ಹಲ್ಲಕ್ಕನ ತಂಗಿಯ ಮಗಳು ವಕೀಲರೊಬ್ಬರ ಆಫೀಸಿನಲ್ಲಿ ಕಾಗದ ಪತ್ರ ಬರೆಯುವವಳು. ಅವಳನ್ನು ಕರೆಸಿದರು. ಅವಳು ಪಟ್ಟಿ ಓದಿ, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಕಣ್ಣೊರೆಸಿಕೊಂಡು ವಿಷಯಕ್ಕೆ ಬಂದಳು.

"ದೊಡ್ಡಮ್ಮ, ಇದಕ್ಕೆ ಕಾನೂನಿದೆ. ನಿಮ್ಮ ಬಗ್ಗೆ ಯಾರು ಏನು ಬರೆದಿಟ್ಟಿದ್ರೂ ಅದನ್ನ ನೋಡೋ ಹಕ್ಕು ನಿಮಗಿದೆ. ತಪ್ಪಿದ್ರೆ ತಿದ್ದಿ ಅಂತ ಕೇಳೋ ಹಕ್ಕೂ ಇದೆ. ಮೂವತ್ತು ದಿನದಲ್ಲಿ ಅವರು ಉತ್ತರ ಕೊಡಲೇಬೇಕು."

"ಯಾರದು ಅಂತ ನಾನು ಹೇಳ್ಬೇಕಾ?"

"ಬೇಡ. ನನ್ನದಲ್ಲ ಅಂದ್ರೆ ಸಾಕು. ಯಾರದು ಅಂತ ಹುಡುಕೋದು ಅವರ ಕರ್ಮ. ಬೇರೆಯವರ ವಿಷಯ ನೀವು ಹೇಳೋದೂ ಸರಿಯಲ್ಲ. ಅದು ಅವರ ಸ್ವಂತ ವಿಷಯ, ಅದನ್ನೂ ಇದೇ ಕಾನೂನು ಕಾಯುತ್ತೆ."

ಹಲ್ಲಕ್ಕನಿಗೆ ಈ ಕಾನೂನಿನ ಮೇಲೆ ತಟ್ಟನೆ ಮಮತೆ ಹುಟ್ಟಿತು. "ಇದನ್ನ ಬರೆದವರು ಯಾರೋ ನನ್ನಂಥವರೇ ಇರ್ಬೇಕು. ನಾನು ಇಪ್ಪತ್ತೆರಡು ವರ್ಷದಿಂದ ಮಾಡ್ತಿರೋದೂ ಇದೇ ಅಲ್ವಾ" ಎಂದಳು. ಅವಳ ಶೆಲ್ಫಿನಲ್ಲಿ ಅನ್ಯರ ಬಾಯಿಗಳಿದ್ದವು, ಯಾರ ಬಾಯಿಯೂ ಇನ್ನೊಬ್ಬರ ಬಾಯಿಗೆ ಬಿದ್ದಿರಲಿಲ್ಲ.

ತಕರಾರು ಅರ್ಜಿ ಹೋಯಿತು. ನಾಲ್ಕನೆಯ ದಿನ ಸಾಲದ ಕಂಪನಿಯಿಂದ ಫೋನು ಬಂತು. ಸಕ್ಕರೆಯಂಥ ದನಿ. "ಮೇಡಂ, ಸುಮ್ನೆ ಯಾಕೆ ತೊಂದ್ರೆ? ಈ ಹತ್ತು ಜನರ ಮನೆ ಎಲ್ಲಿ ಅಂತ ಹೇಳಿಬಿಡಿ. ಮೂರು ದಿನದಲ್ಲಿ ನಿಮ್ಮ ಹೆಸರು ಕ್ಲೀನ್ ಮಾಡ್ತೀವಿ."

ಮೂರು ದಿನ ಎಂದರೆ ಕೋಣೆಗಳು ಕೈಗೆ ಬಂದಂತೆಯೇ. ಹಲ್ಲಕ್ಕ ಶೆಲ್ಫಿನ ಕಡೆ ನೋಡಿದಳು. ಸಾಲಾಗಿ ಕೂತ ಪ್ಲಾಸ್ಟರಿನ ಬಾಯಿಗಳೆಲ್ಲ ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತಿರುವಂತೆ ಅವಳಿಗೆ ಅನ್ನಿಸಿತು.

"ನಂಗೆ ಮರೆವು ಜಾಸ್ತಿ" ಎಂದು ಫೋನಿಟ್ಟಳು.

ಸಾಲದ ಕಂಪನಿ ಬಿಡಲಿಲ್ಲ. ಕಾನೂನಿನ ಪ್ರಕಾರ ಆ ಹತ್ತು ಜನರಿಗೂ ನೋಟೀಸು ಕಳಿಸಿತು. ಎಲ್ಲಿಗೆ? ಅವರು ಬರೆದುಕೊಟ್ಟಿದ್ದ ವಿಳಾಸಕ್ಕೆ. ಪೋಸ್ಟಿನವರು ಹತ್ತು ಲಕೋಟೆಗಳನ್ನು ಹಲ್ಲಕ್ಕನ ಮೇಜಿನ ಮೇಲೆ ಸುರಿದು, ಸಹಿ ಹಾಕಿಸಿಕೊಂಡು ಹೋದರು. ಅವಳು ಎಂದಿನಂತೆ ಹತ್ತು ಫೋನು ಮಾಡಿದಳು. ಹತ್ತು ಜನರ ಚಪ್ಪಲಿ ಒಂದೇ ದಿನ ರಿಪೇರಿಯಾಯಿತು.

ನೋಟೀಸಿನಲ್ಲಿದ್ದದ್ದು ಸರಳ. ಈ ಸಾಲ ತನ್ನದಲ್ಲವೆಂದು ಈ ವಿಳಾಸದವರು ತಿಳಿಸಿದ್ದಾರೆ, ನಿಮ್ಮದು ಹೌದಾದರೆ ನಿಮ್ಮ ನಿಜವಾದ ಮನೆ ವಿಳಾಸ ಬರೆದು ಸಹಿ ಮಾಡಿ ಕಳಿಸಿ. ಬರೆದರೆ ಮುಂದಿನ ಕಾಗದ ನೇರ ಮನೆಗೇ ಬರುತ್ತದೆ. ಬರೆಯದಿದ್ದರೆ? ತಂಗಿಯ ಮಗಳು ಅದನ್ನೂ ಹೇಳಿದ್ದಳು. "ಬರೆಯದಿದ್ರೂ ಕೊನೆಗೆ ಗೆಲ್ಲೋದು ನೀವೇ. ಆದ್ರೆ ಮೇಲಿನ ಅಧಿಕಾರಿವರೆಗೆ ಹೋಗ್ಬೇಕು. ನಾಲ್ಕು ತಿಂಗಳು ಹಿಡಿಯುತ್ತೆ." ಮಾಲೀಕರ ಐವತ್ತು ದಿನದಲ್ಲಿ ಆಗಲೇ ಹದಿನೈದು ಕಳೆದಿತ್ತು.

ಹಲ್ಲಕ್ಕ ಲಕೋಟೆ ಕೊಡುವಾಗ ಯಾರನ್ನೂ ಏನೂ ಕೇಳಲಿಲ್ಲ. ಕೇಳಬೇಕೆಂದು ನಾಲಿಗೆ ತುದಿಯವರೆಗೂ ಬಂದಿತ್ತು. ಆದರೆ ಗುಟ್ಟು ಕಾಯುತ್ತೇನೆ ಎಂದವಳು, ದಯವಿಟ್ಟು ನಿಮ್ಮ ಗುಟ್ಟು ಬಿಟ್ಟುಕೊಡಿ ಎಂದು ಕೇಳುವುದು ಹೇಗೆ? ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ಐದನೆಯ ದಿನ ನಿವೃತ್ತ ಹೆಡ್ಮಾಸ್ಟರು ಬಂದರು. ನಂಬರು ನಲವತ್ತೇಳು. ಒಂಬತ್ತು ವರ್ಷ ಹಿಂಬಾಗಿಲು ಬಿಟ್ಟು ಬೇರೆ ಬಾಗಿಲು ಕಂಡವರಲ್ಲ. ಅವತ್ತು ಹಾಡುಹಗಲು, ಮುಂಬಾಗಿಲಿನಿಂದ, ಹೆಂಡತಿಯ ಜೊತೆ ಬಂದು ಕೂತರು.

"ನೋಟೀಸಿಗೆ ವಿಳಾಸ ಬರೆದು ಕಳಿಸಿಬಿಟ್ಟೆ ತಾಯಿ. ಕಳಿಸಿದ ಮೇಲೆ ಇವಳಿಗೂ ಹೇಳಿಬಿಟ್ಟೆ. ಮೈಯೆಲ್ಲ ಬೆವತುಹೋಗಿತ್ತು" ಎಂದರು.

"ಒಂಬತ್ತು ವರ್ಷದಿಂದ ಪಕ್ಕದಲ್ಲಿ ಮಲಗೋಳು ನಾನು" ಎಂದರು ಅವರ ಹೆಂಡತಿ. "ಮೊದಲ ದಿನವೇ ಗೊತ್ತಿತ್ತು. ಪಾಪ, ಮುಚ್ಚಿಡೋಕೆ ಅಷ್ಟು ಕಷ್ಟಪಡ್ತಿದ್ರಲ್ಲ ಅಂತ ನಾನೂ ಗೊತ್ತಿಲ್ಲದ ಹಾಗೇ ಇದ್ದೆ." ಆಮೇಲೆ ಸ್ವಲ್ಪ ನಾಚಿಕೊಂಡು, ತಮ್ಮ ಕೆಳಗಿನ ಸಾಲಿನ ಒಂದು ಹಲ್ಲು ಅಲುಗುತ್ತಿದೆ, ಯಾವಾಗ ಬಂದು ತೋರಿಸಲಿ ಎಂದು ಕೇಳಿದರು.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ದಿನಸಿ ಅಂಗಡಿಯವರು ಬರೆದರು. ಬ್ಯಾಂಡಿನಲ್ಲಿ ತುತ್ತೂರಿ ಊದುವವನು ಬರೆದು, ತಪ್ಪಿದ್ದ ಕಂತನ್ನೂ ಕಟ್ಟಿದ. ಮೂರು ಸಲ ಮದುವೆ ಮುರಿದುಕೊಂಡ ಫೋಟೋಗ್ರಾಫರು, ನಾಲ್ಕನೆಯದು ನೋಡುತ್ತಿದ್ದೇನೆ ಅಕ್ಕ, ಈ ಸಲ ನಿಜ ಹೇಳಿಯೇ ನೋಡೋಣ ಎಂದು ಬರೆದರು. ಅರ್ಜಿ ಹೋದ ಇಪ್ಪತ್ತೆಂಟನೆಯ ದಿನ ದಾಖಲೆ ಕಂಪನಿಯ ಉತ್ತರ ಬಂತು. ಒಂಬತ್ತು ಸಾಲಗಳನ್ನು ನಿಮ್ಮ ಹೆಸರಿನಿಂದ ತೆಗೆದಿದ್ದೇವೆ. ಒಂದು ಮಾತ್ರ ತಕರಾರಿನಲ್ಲಿದೆ. ಎರಡು ಕಂತು ಬಾಕಿ. ಸಂಬಂಧಪಟ್ಟವರಿಂದ ಉತ್ತರ ಬಂದಿಲ್ಲ.

ಮ್ಯಾನೇಜರಮ್ಮ ಪೇಚಾಡಿಕೊಂಡರು. "ಒಂದು ಬಾಕಿ ಇದ್ರೂ ನನ್ನ ಕಂಪ್ಯೂಟರು ಒಪ್ಪಲ್ಲ ಮೇಡಂ."

"ಆ ಎರಡು ಕಂತು ನಾನೇ ಕಟ್ಟಿಬಿಡ್ಲಾ?" ಎಂದು ಹಲ್ಲಕ್ಕ ತಂಗಿಯ ಮಗಳನ್ನು ಕೇಳಿದಳು.

"ಕಟ್ಟಿದ್ರೆ ಸಾಲ ನಿಮ್ಮದೇ ಅಂತ ಒಪ್ಕೊಂಡ ಹಾಗೆ. ಬೇಡ ದೊಡ್ಡಮ್ಮ."

ಹತ್ತನೆಯದು ನೂರ ಎಂಬತ್ತೆರಡನೆಯ ನಂಬರು. ಅದು ಯಾರದೆಂದು ಹಲ್ಲಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳ ಗಂಡನ ಅಕ್ಕನದು.

ಈ ಅತ್ತಿಗೆಯ ಬಗ್ಗೆ ಹೇಳದೆ ಕಥೆ ಮುಂದೆ ಹೋಗದು. ಪ್ರತಿ ಭಾನುವಾರ ಊಟಕ್ಕೆ ಬರುವವರು. ಊಟವಾದ ಮೇಲೆ ಒಂದು ಇಡೀ ಸೇಬು ತೆಗೆದುಕೊಂಡು, ಚಾಕು ಮುಟ್ಟಿಸದೆ, ಎಲ್ಲರೂ ನೋಡುವಂತೆ ಕಟುಂ ಎಂದು ಕಚ್ಚುವವರು. "ಎಪ್ಪತ್ತಾಯ್ತು. ನಮ್ಮ ವಂಶದ ಹಲ್ಲು ಅಂದ್ರೆ ಇದು!" ಎನ್ನುವವರು. ಹಲ್ಲಕ್ಕನ ಕಸುಬನ್ನು ಕಂಡರೆ ಆಗದು. "ಕಂಡವರ ಎಂಜಲು ಬಾಯಿಗೆ ಕೈ ಹಾಕೋ ಕೆಲಸ" ಎಂದು ಮೂವತ್ತು ವರ್ಷದಿಂದ ಮೂಗು ಮುರಿಯುತ್ತಲೇ ಬಂದವರು.

ಮೂರು ವರ್ಷದ ಹಿಂದೆ ಒಂದು ಸಂಜೆ ಹಸಿರು ಕದ ತಟ್ಟಿದ್ದು ಅವರೇ. ತಲೆಯ ಮೇಲೆ ಶಾಲು, ಬಾಯಿಗೆ ಕರವಸ್ತ್ರ. ಹಲ್ಲಕ್ಕ ದುಡ್ಡು ಬೇಡವೆಂದರೂ ಕೇಳಲಿಲ್ಲ. "ನಿನ್ನ ಋಣ ನಂಗೆ ಬೇಡ" ಎಂದು ಸಾಲ ಮಾಡಿದರು, ವಿಳಾಸ ಮಾತ್ರ ಇವಳದೇ ಬರೆದರು. ಹಲ್ಲಕ್ಕ ತನ್ನ ಜೀವಮಾನದ ಕೈಚಳಕವನ್ನೆಲ್ಲ ಆ ಸೆಟ್ಟಿಗೆ ಸುರಿದಿದ್ದಳು. ಸೇಬು ಕಚ್ಚಲು ಅನುಕೂಲವಾಗಲೆಂದು ಮುಂದಿನ ಆರು ಹಲ್ಲನ್ನು ನಾಲ್ಕು ಸಲ ಕಿತ್ತು ಕೂರಿಸಿದ್ದಳು. ಅವತ್ತಿನಿಂದ ಇಬ್ಬರೂ ಆ ವಿಷಯ ಎತ್ತಿಲ್ಲ, ಎದುರೆದುರು ಇದ್ದಾಗಲೂ ಎತ್ತಿಲ್ಲ. ಭಾನುವಾರದ ಸೇಬು ಮಾತ್ರ ತಪ್ಪಿಲ್ಲ.

ನೋಟೀಸು ಕೊಟ್ಟ ದಿನ ಅತ್ತಿಗೆ ಲಕೋಟೆಯನ್ನು ಕಸಿದುಕೊಂಡು ಚೀಲಕ್ಕೆ ತುರುಕಿ ಹೊರಟುಹೋಗಿದ್ದರು. ಮೂರು ವಾರವಾದರೂ ಒಂದು ಮಾತಿಲ್ಲ. ಹಲ್ಲಕ್ಕನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ದುಃಖ ಬಂತು. ಹೊರಗಿನ ಒಂಬತ್ತು ಜನ ಮರ್ಯಾದೆ ಪಣಕ್ಕಿಟ್ಟು ಬರೆದುಕೊಟ್ಟರು, ಮನೆಯವರಾದ ನೀವು ನನ್ನ ಬಾಗಿಲಿಗೆ ಗೋಡೆ ಎಬ್ಬಿಸಿದಿರಲ್ಲ ಎಂದು ಒಳಗೇ ಕುದಿದಳು.

ಐವತ್ತು ದಿನ ಮುಗಿಯಲು ಒಂದು ವಾರವಿದ್ದಾಗ ಬಂದ ಭಾನುವಾರ. ಊಟದ ಮೇಜಿಗೆ ತಂಗಿಯ ಮಗಳೂ ಕೂತಿದ್ದಳು. ಭಾನುವಾರದ ಊಟಕ್ಕೆ ಸಾಲದ ಮಾತು ಬೇಡ ಎಂದು ಹಲ್ಲಕ್ಕ ಅಲ್ಲಿಯವರೆಗೆ ಗಂಡನನ್ನು ತಡೆದಿದ್ದಳು. ಅವತ್ತು ಅವನಿಗೆ ಅನ್ನ ಕಲಸುವುದಕ್ಕಿಂತ ಬಯ್ಯುವುದರಲ್ಲೇ ಹೆಚ್ಚು ಆಸಕ್ತಿ.

"ಒಬ್ಬನಿಂದ, ಬರೀ ಒಬ್ಬನಿಂದ ಎಲ್ಲಾ ಹಾಳಾಯ್ತು ಅಕ್ಕಾ! ಒಂಬತ್ತು ಜನ ಒಪ್ಕೊಂಡ್ರು. ಹತ್ತನೇ ಮಹಾನುಭಾವ ನೋಟೀಸು ಬಂದ್ರೂ ಕಲ್ಲಿನ ಹಾಗೆ ಕೂತಿದ್ದಾನೆ. ಮುಂದಿನ ವಾರ ಇವಳ ಅಂಗಡಿ ಹೋಗುತ್ತೆ. ಯಾರು ಅಂತ ಕೇಳಿದ್ರೆ ಇವಳು ಬಾಯೇ ಬಿಡಲ್ಲ!"

"ಯಾವ ನೋಟೀಸು?" ಎಂದರು ಅತ್ತಿಗೆ.

"ಸಾಲದ ಕಂಪನಿ ಕಳಿಸಿದ್ದು. ಈ ಸಾಲ ನಿಮ್ಮದು ಹೌದಾ ಅಲ್ವಾ ಅಂತ. ವಿಳಾಸ ಬರೆದು ಒಂದು ಸಹಿ ಹಾಕಿದ್ರೆ ಮುಗೀತಿತ್ತು. ಹಲ್ಲು ಮುಖ್ಯವಾಯ್ತು ನೋಡು ಅವನಿಗೆ, ಇವಳ ಇಪ್ಪತ್ತೆರಡು ವರ್ಷದ ಅನ್ನಕ್ಕಿಂತ!"

"ಸುಮ್ನೆ ಊಟ ಮಾಡಿ. ಅವರಿಗೆ ಏನು ಕಷ್ಟವೋ" ಎಂದಳು ಹಲ್ಲಕ್ಕ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ಅತ್ತಿಗೆ ತಮ್ಮನನ್ನು ನೋಡಿದರು, ತಮ್ಮನ ಹೆಂಡತಿಯನ್ನು ನೋಡಿದರು. ಮುಖದ ಬಣ್ಣ ಇಳಿದುಹೋಗಿತ್ತು.

"ಆ ಕಾಗದದಲ್ಲಿ ಇದೆಲ್ಲಾ ಇತ್ತೇನೇ?" ಎಂದು ಹಲ್ಲಕ್ಕನನ್ನು ಕೇಳಿದರು. ದನಿ ಸಣ್ಣದಾಗಿತ್ತು. "ನಾನು ಓದಲೇ ಇಲ್ಲ ಕಣೇ. ನೀನು ಕೊಟ್ಟದ್ದು ಒಂದನ್ನೂ ಓದಿಲ್ಲ. ಮನೇಲಿ ಯಾರಾದ್ರೂ ನೋಡಿಬಿಟ್ರೆ ಅನ್ನೋ ಭಯಕ್ಕೆ ಒಡೆಯದೇ ಒಲೆಗೆ ಹಾಕ್ತಿದ್ದೆ. ಕಂತು ಬಾಕಿ ಇರೋದೂ ನಂಗೆ ಗೊತ್ತಿಲ್ಲ."

ಗಂಡನ ಕೈಯ ತುತ್ತು ಅರ್ಧ ದಾರಿಯಲ್ಲೇ ನಿಂತಿತು. "ಅಕ್ಕಾ, ನೀನ್ಯಾಕೆ…?"

ಅತ್ತಿಗೆ ಎರಡೂ ಕೈ ಬಾಯಿಗೆ ಒಯ್ದು, ಮೇಲಿನದು ಕೆಳಗಿನದು ಎರಡನ್ನೂ ತೆಗೆದು, ನೀರಿನ ಲೋಟದ ಒಳಗೆ ಇಟ್ಟರು. ಇದ್ದಕ್ಕಿದ್ದಂತೆ ಅವರ ಮುಖ ಮುದಿ ತಾಯಿಯೊಬ್ಬಳ ಮುಖವಾಯಿತು.

"ನಮ್ಮ ವಂಶದ ಹಲ್ಲು…" ಎಂದ ಗಂಡ.

"ವಂಶದ್ದು ಯಾವತ್ತೋ ಉದುರಿಹೋಯ್ತು ಕಣೋ" ಎಂದರು ಅತ್ತಿಗೆ. ಮಾತು ತೊದಲಿದರೂ ಒಂದಕ್ಷರವೂ ಯಾರಿಗೂ ತಪ್ಪಲಿಲ್ಲ. "ಇಷ್ಟು ದಿನ ನಾನು ಸೇಬು ತಿಂದದ್ದು ನಿನ್ನ ಹೆಂಡತಿ ಮಾಡಿಕೊಟ್ಟ ಹಲ್ಲಲ್ಲಿ." ಆಮೇಲೆ ತಂಗಿಯ ಮಗಳ ಕಡೆ ತಿರುಗಿದರು. "ಪೆನ್ನು ತಗೊಳ್ಳೇ. ನನ್ನ ವಿಳಾಸ ಬರಕೋ."

ಹಲ್ಲಕ್ಕ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಮನಸಾರೆ ಅತ್ತಳು. ಮೂರು ವಾರ ಅತ್ತಿಗೆಯನ್ನು ಮನಸ್ಸಿನಲ್ಲಿ ಏನೇನು ಅಂದಿದ್ದಳೋ ಅದಕ್ಕೆಲ್ಲ ಸೇರಿಸಿ ಅತ್ತಳು. ಮುಖ ತೊಳೆದುಕೊಂಡು ಬರುವಾಗ ಒಂದು ಸೇಬು ತಂದಳು. ಸೆಟ್ಟನ್ನು ಲೋಟದಿಂದ ತೆಗೆದು, ತಾನೇ ಒರೆಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಪರೀಕ್ಷೆ ಮಾಡಿ ಅತ್ತಿಗೆಯ ಕೈಗಿತ್ತಳು.

ಸೋಮವಾರ ಅತ್ತಿಗೆ ಕಂತು ಕಟ್ಟಿದರು, ಕಾಗದ ಹೋಯಿತು. ಈ ಸಲ ಮ್ಯಾನೇಜರಮ್ಮನೇ ದಿನಕ್ಕೆರಡು ಬಾರಿ ಫೋನು ಮಾಡಿ ದಾಖಲೆ ಕಂಪನಿಯ ಬೆನ್ನು ಹತ್ತಿದರು. ಶುಕ್ರವಾರ ಪಟ್ಟಿ ಬಂತು. ಅದರಲ್ಲಿ ಒಂದೇ ಒಂದು ಸಾಲವಿತ್ತು, ಪಾಲಿಶ್ ಮಿಷನ್ನಿನದು, ಪೂರ್ತಿ ತೀರಿದ್ದು. ಮಾಲೀಕರು ಎರಡು ದಿನ ಹೆಚ್ಚಿಗೆ ಕಾದರು. ಮೊಬೈಲ್ ಅಂಗಡಿಯವನು ಬೇರೆ ಬೀದಿ ನೋಡಿಕೊಂಡ.

ಹಿಂಬಾಗಿಲು ಈಗಲೂ ಹಾಗೇ ಇದೆ, ಹಸಿರು ಬಣ್ಣ ಮಾತ್ರ ಹೊಸದು. ಹೊಸಬರು ಅಲ್ಲಿಂದಲೇ ಬರುತ್ತಾರೆ, ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ ಬರುತ್ತಾರೆ, ಶೆಲ್ಫಿನಲ್ಲಿ ನಂಬರುಗಳು ಏರುತ್ತಲೇ ಇವೆ. ವಿಳಾಸ ಕೊಡಿ ಎಂದು ಕೇಳಿದರೆ ಮಾತ್ರ ಹಲ್ಲಕ್ಕ ಕೈ ಮುಗಿಯುತ್ತಾಳೆ.

ಅತ್ತಿಗೆಯದು ಬೇರೆ ರೀತಿ. ತಿಂಗಳಿಗೊಮ್ಮೆ ಬೀದಿಯ ಕಡೆಯಿಂದ, ಬೋರ್ಡಿನ ಕೆಳಗೆ ಹಾದು ಬರುತ್ತಾರೆ. ಕ್ಲಿನಿಕ್ಕಿನವರು ಕೂತಿದ್ದರೆ ಇನ್ನೂ ಸಂತೋಷ. ನಡುವಿನ ಕುರ್ಚಿಯಲ್ಲಿ ಕೂತು, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ:

"ನನ್ನ ಸೆಟ್ಟು ಸ್ವಲ್ಪ ಸಡಿಲ ಆಗಿದೆ ಕಣೇ, ನೋಡು. ಇವಳು ನಮ್ಮ ಮನೆ ಸೊಸೆ, ಗೊತ್ತಾಯ್ತಾ?"